ಬಾಡಿಗೆ ಸಾಲು

"ಏಯ್, ನೀನು ಹಿಂದೆ ಹೋಗು. ಈ ಫೋನು ಕೊಳ್ಳೋ ಮುಖಾನಾ ಇದು? ಇದರ ಕವರು ಕೊಳ್ಳೋ ಮುಖಾನೂ ಅಲ್ಲ."

ನೀಲಿ ಅಂಗಡಿಯ ಮ್ಯಾನೇಜರ್ ಈ ಮಾತನ್ನು ನಲವತ್ತು ಜನರ ಎದುರು, ಟೈ ಸರಿಪಡಿಸಿಕೊಳ್ಳುತ್ತಾ, ಗಾಜಿನ ಮೇಲೆ ಇಲ್ಲೊಂದು ಕಲೆ ಉಳಿದಿದೆ ಎಂದು ಒರೆಸುವವನಿಗೆ ತೋರಿಸುವಷ್ಟೇ ಸಲೀಸಾಗಿ ಆಡಿದ. ನಲವತ್ತು ಜನರೂ ನಕ್ಕರು. ಬೆಳಗಿನ ಎಂಟು ಗಂಟೆಗೆ ಯಾರಿಗೂ ಅಷ್ಟು ನಗು ಬರುವುದಿಲ್ಲ. ಆದರೆ ಉತ್ಸಾಹದಿಂದ ಇರುವುದೂ ಅವರ ಅವತ್ತಿನ ಕೂಲಿಯಲ್ಲೇ ಸೇರಿತ್ತು.

ಮೂರನೆಯ ಜಾಗದಲ್ಲಿದ್ದ ರಿವ್ಯೂ ಎಂಬ ಹುಡುಗ ಸಾಲಿನ ಬಾಲಕ್ಕೆ ನಡೆದ. ಕಿವಿಯ ತುದಿ ಸುಡುತ್ತಿತ್ತು. ಅವನ ಜಾಗಕ್ಕೆ ಮ್ಯಾನೇಜರ್ ಇಸ್ತ್ರಿ ಶರ್ಟಿನವನೊಬ್ಬನನ್ನು ತಂದು ನಿಲ್ಲಿಸಿದ. ಆ ಮಹಾಶಯನ ಜೇಬಿನಲ್ಲಿದ್ದದ್ದು ಗುಂಡಿ ಒತ್ತುವ ಹಳೆಯ ಫೋನು, ಬ್ಯಾಟರಿ ಬೀಳದಂತೆ ಅದಕ್ಕೊಂದು ರಬ್ಬರ್ ಬ್ಯಾಂಡು. ಮುಖ ಮಾತ್ರ ಕಂಪನಿಗೆ ಒಪ್ಪುವಂಥದ್ದು.

ರಿವ್ಯೂ ಎಂಬುದು ಭಾವ ಇಟ್ಟ ಹೆಸರು. ಹೆತ್ತವರು ಇಟ್ಟ ಹೆಸರು ಒಂಬತ್ತನೇ ತರಗತಿಯ ಹಾಜರಿ ಪುಸ್ತಕದಲ್ಲೇ ಉಳಿದುಹೋಗಿತ್ತು. ಬೋರ್ಡಿನ ಮೇಲೆ ಬರೆದದ್ದು ತಪ್ಪು ಎಂದಿದ್ದಕ್ಕೆ ಕಂಪ್ಯೂಟರ್ ಮೇಷ್ಟ್ರು ಅವನನ್ನು ಹೊರಗೆ ನಿಲ್ಲಿಸಿದ್ದರು. ನಿಂತವನು ಅರ್ಧ ಗಂಟೆ ಯೋಚಿಸಿ, ಹೊರಗೇ ಚೆನ್ನಾಗಿದೆ ಅನ್ನಿಸಿ ಮನೆಗೆ ಬಂದುಬಿಟ್ಟ. ಹತ್ತು ವರ್ಷವಾಯಿತು, ಇನ್ನೂ ಯಾರೂ ಒಳಗೆ ಕರೆದಿಲ್ಲ. ಅಂದಿನಿಂದ ಅಕ್ಕನ ಮನೆಯ ಹಾಲಿನ ಮೂಲೆಯಲ್ಲಿ ಹಾಸಿಗೆ, ಅಂಗೈಯಲ್ಲಿ ವಿಶ್ವವಿದ್ಯಾಲಯ. ಎಲ್ಲಿ ಯಾವ ಫೋನು ಹೊರಬಿದ್ದರೂ ಅದರ ಜಾತಕ ಅವನ ನಾಲಿಗೆಯ ತುದಿಯಲ್ಲಿರುತ್ತಿತ್ತು. ಅವನ ಸ್ವಂತ ಫೋನಿನ ಗಾಜು ಮಾತ್ರ ಒಡೆದು ಜೇಡರ ಬಲೆಯಾಗಿತ್ತು. ಅಕ್ಕ ಚಹಾ ಕೊಟ್ಟರೂ ಲೋಟದ ಅಂಚು, ಹಿಡಿತ, ಬಿಸಿ ಆರುವ ವೇಗ ಇವುಗಳ ಬಗ್ಗೆ ಅವನಿಗೊಂದು ಅಭಿಪ್ರಾಯ ಇರುತ್ತಿತ್ತು. "ಮೊದಲು ಕುಡಿದು ಮುಗಿಸಪ್ಪಾ ರಿವ್ಯೂ, ಸ್ಟಾರು ಆಮೇಲೆ ಕೊಡುವಿಯಂತೆ," ಎನ್ನುತ್ತಿದ್ದ ಭಾವ.

ಬೀದಿಯ ಈ ಬದಿಗೆ ನೀಲಿ ಅಂಗಡಿ, ಆ ಬದಿಗೆ ಕೆಂಪು ಅಂಗಡಿ. ಎರಡಕ್ಕೂ ಹಾವು ಮುಂಗುಸಿಯ ಸ್ನೇಹ. ನೀಲಿಯವರು ಮೂರು ಕ್ಯಾಮೆರಾ ಎಂದರೆ ಕೆಂಪಿನವರು ನಾಲ್ಕು ಎಂದರು. ನೀಲಿಯವರು ಡಬ್ಬಿಯಿಂದ ಚಾರ್ಜರ್ ತೆಗೆದಾಗ ಕೆಂಪಿನವರು ದೊಡ್ಡ ಬೋರ್ಡು ಹಾಕಿ ಲೇವಡಿ ಮಾಡಿದರು, ಆರು ತಿಂಗಳಿಗೆ ಆ ಬೋರ್ಡು ಇಳಿಸಿ ತಾವೂ ಚಾರ್ಜರ್ ತೆಗೆದರು. ಈ ವರ್ಷ ಇಬ್ಬರ ಕಣ್ಣೂ ಚಂದ್ರನ ಮೇಲೆ ಬಿದ್ದಿತ್ತು. ನೀಲಿ ಅಂಗಡಿಯ ನೆತ್ತಿಯಲ್ಲಿ ಅವರ ಫೋನಿನಲ್ಲಿ ತೆಗೆದದ್ದೆಂದು ಹೇಳುವ ಚಂದ್ರನ ಚಿತ್ರ. ಎದುರಿಗೆ ಕೆಂಪಿನವರದು ಅದಕ್ಕಿಂತ ಒಂದು ಗೇಣು ದೊಡ್ಡ ಚಂದ್ರ. ನಿಜವಾದ ಚಂದ್ರ ಇವೆರಡರ ನಡುವೆ ಯಾವಾಗಲಾದರೂ ಮೂಡಿದ್ದರೆ ನಾಚಿಕೊಂಡು ವಾಪಸ್ ಹೋಗುತ್ತಿದ್ದನೇನೋ.

ಇಂಥ ಕಡು ವೈರಿಗಳಿಬ್ಬರೂ ಒಂದು ವಿಷಯದಲ್ಲಿ ಮಾತ್ರ ಒಮ್ಮತಕ್ಕೆ ಬಂದಿದ್ದರು. ಹೊಸ ಫೋನು ಬಿಡುಗಡೆಯಾದ ದಿನ ಬಾಗಿಲಲ್ಲಿ ಸಾಲು ನಿಲ್ಲಿಸಲು ಇಬ್ಬರಿಗೂ ಒಬ್ಬನೇ ಮೇಸ್ತ್ರಿ. ಮೊದಲು ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಜೋಡಿಸುತ್ತಿದ್ದವನು ಈಗ ಜನರನ್ನು ಜೋಡಿಸುತ್ತಿದ್ದ. ನೀಲಿ ಟೋಪಿ ಕೊಟ್ಟ ದಿನ ನೀಲಿಯ ಅಭಿಮಾನಿಗಳು, ಕೆಂಪು ಟೋಪಿ ಕೊಟ್ಟ ದಿನ ಕೆಂಪಿನ ಅಭಿಮಾನಿಗಳು, ತಲೆಗಳು ಮಾತ್ರ ಅವೇ. ಬಾಗಿಲು ತೆರೆದ ಕೂಡಲೇ ಕೂಗಬೇಕು. ಒಳಗೆ ಹೋದವರಿಗೆ ಚೀಲದಲ್ಲಿ ಖಾಲಿ ಡಬ್ಬಿ ಕೊಡುತ್ತಾರೆ. ಗಾಳಿಗೆ ಹಾರದಿರಲಿ ಎಂದು ಅದರಲ್ಲಿ ಮರದ ತುಂಡು. ಅದನ್ನು ತಲೆಯ ಮೇಲೆತ್ತಿ ಫೋಟೊಗೆ ನಿಂತು, ಗೋದಾಮಿನ ಹಿಂಬಾಗಿಲಿಂದ ಹೊರಬಿದ್ದು, ಡಬ್ಬಿ ವಾಪಸ್ ಕೊಟ್ಟು, ಓಣಿ ಸುತ್ತಿ ಮತ್ತೆ ಸಾಲಿನ ಬಾಲ ಸೇರಬೇಕು. ಹೀಗಾಗಿ ಸಾಲು ಕರಗುವ ಮಾತೇ ಇಲ್ಲ.

ರಿವ್ಯೂ ಕೂಲಿಗಾಗಿ ಬಂದವನಲ್ಲ. ನೀಲಿ ಅಂಗಡಿಯ ಡೆಮೊ ಟೇಬಲ್ಲಿಗೆ ಒಬ್ಬ ಬೇಕಾಗಿದ್ದಾನೆಂದು ಬಾಗಿಲಿಗೆ ಚೀಟಿ ಅಂಟಿಸಿ ತಿಂಗಳಾಗಿತ್ತು. ಬಂದವರಿಗೆ ಫೋನು ತೋರಿಸಿ ಇಡೀ ದಿನ ಅದರ ಬಗ್ಗೆ ಮಾತಾಡುವುದು, ಅದಕ್ಕೆ ಸಂಬಳ. ಇಂಥ ಕೆಲಸ ಭೂಮಿಯ ಮೇಲೆ ಇದೆ ಎಂಬುದೇ ಅವನಿಗೆ ನಂಬಲಾಗಿರಲಿಲ್ಲ. ಮೂರು ಸಲ ಅರ್ಜಿ ಕೊಟ್ಟಿದ್ದ. ಮೂರು ಸಲವೂ ಮ್ಯಾನೇಜರ್ ಮುಖ ನೋಡದೆ ಕೇಳಿದ್ದು ಒಂದೇ, "ಡಿಗ್ರಿ ಯಾವುದು?" ಕೊನೆಗೆ ಮೇಸ್ತ್ರಿ ದಾರಿ ತೋರಿಸಿದ್ದ.

"ಕ್ಯೂನಲ್ಲಿ ಮುಂದೆ ನಿಂತ್ಕೋ. ಟೀವಿಯವರು ಬರ್ತಾರೆ, ಎರಡು ಒಳ್ಳೆ ಮಾತಾಡು, ಮ್ಯಾನೇಜರ್ ಕಣ್ಣಿಗೆ ಬೀಳ್ತೀಯ. ಆದ್ರೆ ನೆನಪಿಟ್ಕೋ ತಮ್ಮಾ, ನೀಲಿ ಮೇಲೆ ಒಂದು ಕೆಟ್ಟ ಮಾತು ಕ್ಯಾಮೆರಾಗೆ ಬಿತ್ತೋ, ಇಡೀ ಕ್ಯೂಗೆ ಇವತ್ತಿನ ಕೂಲಿ ಇಲ್ಲ. ಹಾಗಂತ ಒಪ್ಪಂದ ಆಗಿದೆ."

"ಕೆಂಪಿನವರನ್ನ ಬೈಯಬಹುದಾ?"

"ಇವತ್ತು ಬೈ. ಮುಂದಿನ ವಾರ ಬೇಡ."

ಕೊನೆಯಲ್ಲಿ ದೊಡ್ಡಮ್ಮ ನಿಂತಿದ್ದಳು. ಯಾರ ದೊಡ್ಡಮ್ಮ ಎಂದು ಯಾರಿಗೂ ಗೊತ್ತಿಲ್ಲ, ಎಲ್ಲರೂ ಹಾಗೇ ಕರೆಯುತ್ತಿದ್ದರು. ಮಂಡಿ ನೋವಿನಿಂದ ಕಾಲು ಬದಲಾಯಿಸುತ್ತಾ ನಿಲ್ಲುವವಳು, ಆದರೂ ಒಂದು ಕ್ಯೂ ತಪ್ಪಿಸಿದವಳಲ್ಲ.

"ಇವತ್ತು ಏನಪ್ಪಾ ಮಾರ್ತಿರೋದು?"

"ಫೋನು, ದೊಡ್ಡಮ್ಮ."

"ಹೋದ ಸಲವೂ ಫೋನೇ ಅಲ್ವಾ? ಅದು ಕೆಟ್ಟುಹೋಯ್ತಾ?"

ಉತ್ತರಿಸುವಷ್ಟರಲ್ಲಿ ಅವರ ಹಿಂದೆ ಯಾರೋ ಬಂದು ನಿಂತರು. ಬಿಳಿ ಗಡ್ಡ, ದಪ್ಪ ಗಾಜಿನ ಕನ್ನಡಕ, ಕೊರಳಿಗೆ ಅಳತೆ ಟೇಪು. ತಲೆಯಲ್ಲಿ ಟೋಪಿ ಇರಲಿಲ್ಲ. "ಇದು ಫೋನಿನ ಕ್ಯೂ ತಾನೆ?" ಎಂದರು. ಹಿಂದಿನ ಬೀದಿಯಲ್ಲಿ ಟೈಲರ್ ಅಂಗಡಿಯಂತೆ. ಹಳೆಯ ಫೋನು ನೆಲಕ್ಕೆ ಬಿದ್ದು ಸತ್ತುಹೋಗಿ, ಹೊಸದು ಕೊಳ್ಳಲು ಬಂದಿದ್ದರು.

ರಿವ್ಯೂಗೆ ಒಂದು ಕ್ಷಣ ಅರ್ಥವಾಗಲಿಲ್ಲ. ನಿಜವಾದ ಗಿರಾಕಿ. ನಲವತ್ತು ಜನ ಸುಳ್ಳು ಗಿರಾಕಿಗಳ ಹಿಂದೆ, ತನ್ನ ಪಾಳಿಗೆ ಕಾಯುತ್ತಾ, ಸಭ್ಯವಾಗಿ.

"ನಿಮಗೆ ಅರ್ಜೆಂಟಿದ್ರೆ ಬಾಗಿಲು ತೆಗೆದ ಕೂಡಲೇ ನೇರ ಒಳಗೆ ಹೋಗಬಹುದು ಯಜಮಾನ್ರೇ."

"ಛೆ, ಅದು ಸರಿಯಲ್ಲ. ಇವರೆಲ್ಲ ಎಷ್ಟು ಹೊತ್ತಿನಿಂದ ನಿಂತಿದಾರೋ."

ಇಂಥ ಮನುಷ್ಯ ಸಿಕ್ಕ ಮೇಲೆ ರಿವ್ಯೂ ಬಾಯಿ ಸುಮ್ಮನಿದ್ದೀತೇ. ಎದುರಿನ ಕೆಂಪು ಅಂಗಡಿಯ ಕಡೆ ಗಲ್ಲ ತೋರಿಸಿ ಶುರುಮಾಡಿದ.

"ಅವರ ಹೊಸ ಫೋನು ನೋಡಿದೀರಾ? ಹೋದ ವರ್ಷ ಕ್ಯಾಮೆರಾ ಉದ್ದಕ್ಕಿತ್ತು, ಈ ವರ್ಷ ಅಡ್ಡಕ್ಕಿದೆ. ಅಷ್ಟಕ್ಕೆ ಒಂದು ಸಭೆ, ಸಂಗೀತ, ಸ್ಟೇಜ್ ಮೇಲೆ ಅವರ ಯಜಮಾನ ಓಡಾಡಿಕೊಂಡು ಕಣ್ಣೀರು ಹಾಕ್ತಾನೆ. ನಮ್ಮಕ್ಕ ವಾರಕ್ಕೊಂದು ಸಲ ಕುರ್ಚಿ ಜಾಗ ಬದಲಾಯಿಸ್ತಾಳೆ, ಒಂದಿನಾನೂ ಅತ್ತಿಲ್ಲ."

ಟೈಲರ್ ನಕ್ಕರು. ಆ ನಗೆ ಕೂಲಿಯದ್ದಲ್ಲ.

"ತೆಳ್ಳಗೆ ಮಾಡಿದೀವಿ ಅಂತಾರೆ. ಎಷ್ಟು ತೆಳ್ಳಗೆ ಅಂದ್ರೆ ಬ್ಯಾಟರಿಗೇ ಜಾಗ ಇಲ್ಲ. ಆಮೇಲೆ ಬೆನ್ನಿಗೆ ಅಂಟಿಸ್ಕೊಳ್ಳೋ ಬ್ಯಾಟರಿ ಬೇರೆ ಮಾರ್ತಾರೆ. ಅಂಟಿಸಿದ್ರೆ ಹಳೇದಕ್ಕಿಂತ ದಪ್ಪ. ಹೊಟ್ಟೆ ಕರಗಿಸಿ ಬೆನ್ನಿಗೆ ಮೂಟೆ ಕಟ್ಕೊಂಡ ಹಾಗೆ. ಇನ್ನು ಅದಕ್ಕೆ ಬುದ್ಧಿ ಬೇರೆ ಇದೆಯಂತೆ. ನಿಮ್ಮ ಬದಲು ಅದೇ ಪತ್ರ ಬರೆಯುತ್ತೆ, ಓದೋರ ಬದಲು ಅವರ ಫೋನೇ ಓದುತ್ತೆ. ಮಧ್ಯೆ ನಾವು ಯಾಕೆ ಅಂದ್ರೆ, ಚಾರ್ಜಿಗೆ ಹಾಕೋಕೆ."

"ನಮ್ಮಂಥವರೂ ಬೇಕಲ್ಲಪ್ಪ ಮತ್ತೆ," ಎಂದಳು ದೊಡ್ಡಮ್ಮ, "ಕ್ಯೂನಲ್ಲಿ ಅದು ತಾನೇ ನಿಲ್ಲುತ್ತಾ?"

ದಾರಿಹೋಕರು ಇಬ್ಬರು ನಿಂತರು, ಆಮೇಲೆ ಆರು ಜನ. ಬೈಕಿನಲ್ಲಿ ಹೋಗುತ್ತಿದ್ದವನೊಬ್ಬ ಕಾಲೂರಿ ನಿಂತು ಹೆಲ್ಮೆಟ್ ತೆಗೆದು ಕೇಳಿಸಿಕೊಂಡ. ಹೇಳಿದ ಒಂದೊಂದು ಮಾತೂ ನೀಲಿಯವರ ಫೋನಿಗೂ ಅಕ್ಷರ ಬದಲಿಲ್ಲದೆ ಸಲ್ಲುತ್ತದೆ ಎಂಬುದು ರಿವ್ಯೂಗೆ ಗೊತ್ತಿತ್ತು. ಅದನ್ನು ನುಂಗಿಕೊಂಡು ಕೆಂಪನ್ನು ಮಾತ್ರ ಝಾಡಿಸುತ್ತಾ ಹೋದ. ಅರ್ಧ ಸತ್ಯವಾದರೂ ಸತ್ಯವೇ ಅಲ್ಲವೇ ಎಂದು ತನ್ನ ಮೂಗಿಗೆ ತಾನೇ ತುಪ್ಪ ಸವರಿಕೊಂಡ.

ಹತ್ತು ಗಂಟೆಗೆ ಬಾಗಿಲು ತೆರೆಯಿತು. ನಲವತ್ತು ಗಂಟಲು ಕೂಗಿದವು. ಇಸ್ತ್ರಿ ಶರ್ಟಿನವನು ಮರದ ತುಂಡಿನ ಡಬ್ಬಿಯನ್ನು ಎದೆಗವಚಿಕೊಂಡು ಕಣ್ಣು ಒದ್ದೆ ಮಾಡಿಕೊಂಡ. ಅದಕ್ಕೆ ಅವನಿಗೆ ಬೇರೆ ಲೆಕ್ಕವಂತೆ. ಸಾಲು ತಿರುಗತೊಡಗಿತು. ಸ್ವಲ್ಪ ಹೊತ್ತಿಗೆ ಅವನೇ ಓಣಿಯಿಂದ ಬಂದು ಟೈಲರ್ ಹಿಂದೆ ನಿಂತಾಗ ಅವರು ಕನ್ನಡಕ ಒರೆಸಿ ನೋಡಿದರು.

"ಇವರು ಆಗಲೇ ತಗೊಂಡ್ರಲ್ಲ?"

ರಿವ್ಯೂ ಆಕಾಶ ನೋಡಿದ.

ಅಷ್ಟರಲ್ಲಿ ಮ್ಯಾನೇಜರ್ ಹೊರಬಂದ. ತಾನು ಬಾಡಿಗೆಗೆ ತಂದ ಸಾಲಿನ ಬಾಲದಲ್ಲಿ ಬಾಡಿಗೆಯಿಲ್ಲದ ಹತ್ತು ಹದಿನೈದು ಜನ ಗುಂಪುಗೂಡಿರುವುದು ಅವನಿಗೆ ವಿಚಿತ್ರವಾಗಿ ಕಂಡಿತು. ಮೇಸ್ತ್ರಿಯನ್ನು ಕರೆದು ಕಿವಿಯಲ್ಲಿ ಏನೋ ಕೇಳಿದ. ಆಮೇಲೆ ರಿವ್ಯೂ ಹತ್ತಿರ ಬಂದವನ ದನಿಗೆ ಬೆಣ್ಣೆ ಸವರಿದಂತಿತ್ತು.

"ಮಾತು ಚೆನ್ನಾಗಿ ಆಡ್ತೀರಲ್ರೀ. ಮೊದಲೇ ಹೇಳಬಾರದಾ? ಬನ್ನಿ ಒಳಗೆ."

ಎಂಟು ಗಂಟೆಗೆ 'ನೀನು' ಆಗಿದ್ದವನು ಹನ್ನೊಂದಕ್ಕೆ 'ನೀವು' ಆಗಿದ್ದ. ಒಳಗೆ ತಣ್ಣನೆಯ ಗಾಳಿ, ಕನ್ನಡಿಯಂಥ ನೆಲ. ಡೆಮೊ ಟೇಬಲ್ಲಿನ ಮೇಲೆ ಆರು ಫೋನುಗಳು ತಂತಿಯಲ್ಲಿ ಕಟ್ಟಿಸಿಕೊಂಡು ಮಲಗಿದ್ದವು. ಅವುಗಳಲ್ಲಿ ಚಂದ್ರನ ಚಿತ್ರ ಬಿಟ್ಟು ಬೇರೇನೂ ಓಡುತ್ತಿರಲಿಲ್ಲ. ಮ್ಯಾನೇಜರ್ ಒಂದು ನೀಲಿ ಶರ್ಟು ಕೊಟ್ಟ.

"ಹಾಕ್ಕೊಳ್ಳಿ. ಟೀವಿಯವರು ಒಬ್ಬ ಗಿರಾಕಿನ ಮಾತಾಡಿಸ್ತಾರೆ, ನೀವು ಪಕ್ಕದಲ್ಲಿ ನಿಂತು ಉತ್ತರ ಕೊಡಿ. ಚೆನ್ನಾಗಿ ಬಂದ್ರೆ ನಾಳೆಯಿಂದ ಈ ಟೇಬಲ್ ನಿಮ್ಮದು."

"ಡಿಗ್ರಿ?"

"ಡಿಗ್ರಿ ಕಟ್ಕೊಂಡು ಏನ್ರೀ ಮಾಡ್ತೀರ?"

ಶರ್ಟು ಭುಜಕ್ಕೆ ಸರಿಯಾಗಿ ಕೂತಿತು. ಟೇಬಲ್ಲಿನ ಅಂಚನ್ನು ರಿವ್ಯೂ ಬೆರಳಿನಿಂದ ಮುಟ್ಟಿ ನೋಡಿದ. ನುಣುಪಾಗಿತ್ತು, ಅದರ ಬಗ್ಗೆ ಅವನಿಗೆ ಯಾವ ತಕರಾರೂ ಇರಲಿಲ್ಲ. ಸಂಜೆ ಭಾವನ ಮುಂದೆ ಈ ಶರ್ಟಿನಲ್ಲೇ ಹೋಗಿ ನಿಲ್ಲುವುದು, ಅಕ್ಕ ಒಲೆ ಆರಿಸಿ ಹೊರಗೆ ಬರುವುದು ಎಲ್ಲ ಕಣ್ಣಿಗೆ ಕಟ್ಟಿತು.

ಟೀವಿಯವರ ದೀಪ ಹತ್ತಿತು. ಮ್ಯಾನೇಜರ್ ಹಿಡಿದು ತಂದ ಗಿರಾಕಿ ಟೈಲರ್. ಇಡೀ ಸಾಲಿನಲ್ಲಿ ನಿಜವಾಗಿ ಕೊಳ್ಳಲು ಬಂದವರು ಅವರೊಬ್ಬರೇ ಎಂದು ಗಲ್ಲಾದವನು ಅಷ್ಟರಲ್ಲಿ ಕಂಡುಹಿಡಿದಿದ್ದ.

"ಯಾಕೆ ಈ ಫೋನೇ ಬೇಕು ಅನ್ನಿಸ್ತು ಸಾರ್?" ಎಂದಳು ಮೈಕು ಹಿಡಿದವಳು.

ಟೈಲರ್ ಜೇಬಿನಿಂದ ಒಂದು ಚಿಂದಿ ಬಟ್ಟೆ ತೆಗೆದರು. ಅದರಲ್ಲಿ ಸಣ್ಣ ಸೂಜಿ ಚುಚ್ಚಿಕೊಂಡಿತ್ತು.

"ಕಣ್ಣು ಮಂಜಾಗಿದೆಯಮ್ಮ. ಹಳೇ ಫೋನು ಇವರದ್ದೇ. ಅದನ್ನ ಹತ್ತಿರ ಹಿಡಿದ್ರೆ ಸೂಜಿ ಕಣ್ಣು ಬಾವಿ ಬಾಯಿ ಥರ ಕಾಣ್ತಿತ್ತು, ಹೊಲಿಗೆ ಒಂದೊಂದೂ ಎಣಿಸಬಹುದಿತ್ತು. ಅದರ ಮೇಲೇ ನನ್ನ ಅಂಗಡಿ ನಡೀತಿತ್ತು. ಎಂಟು ದಿನದಿಂದ ಬಾಗಿಲು ಹಾಕಿದೀನಿ. ಇದ್ದಿದ್ದೆಲ್ಲ ಕೂಡಿಸ್ಕೊಂಡು ಬಂದಿದೀನಿ. ಹತ್ತಿರದ್ದು ಹಾಗೇ ಕಾಣುತ್ತಾ ಇದರಲ್ಲಿ?"

"ಕಾಣುತ್ತಾ ಅಂದ್ರೆ," ಮ್ಯಾನೇಜರ್ ಮಧ್ಯೆ ಬಾಯಿ ಹಾಕಿದ, "ಚಂದ್ರನ್ನೇ ತೋರಿಸುತ್ತೆ ಸಾರ್."

"ಚಂದ್ರನಿಗೆ ನಾನು ಗುಂಡಿ ಹಾಕಲ್ಲಪ್ಪ. ಒಂದು ಸಲ ತೆಗೆದು ತೋರಿಸಿಬಿಡಿ."

"ಡಬ್ಬಿ ಒಡೆದ್ರೆ ವಾಪಸ್ ಇಲ್ಲ ಸಾರ್, ಕಂಪನಿ ರೂಲ್ಸು. ನಮ್ಮ ಎಕ್ಸ್‌ಪರ್ಟ್ ಇದಾರಲ್ಲ, ಅವರೇ ಹೇಳ್ತಾರೆ."

ಟೈಲರ್ ರಿವ್ಯೂ ಕಡೆ ತಿರುಗಿದರು. ಅವರ ಮುಖ ಹಗುರಾಯಿತು. "ಓ, ನೀನು ಇಲ್ಲೇನಾ. ಹಾಗಾದ್ರೆ ಸರಿ. ನೀನು ಹೇಳಪ್ಪ, ನೀನು ಹೂಂ ಅಂದ್ರೆ ತಗೋತೀನಿ."

ರಿವ್ಯೂಗೆ ಉತ್ತರ ಬಾಯಿಪಾಠವಾಗಿತ್ತು. ಹತ್ತಿರದ್ದನ್ನು ನೋಡುವ ಆ ಪುಟ್ಟ ಕಣ್ಣನ್ನು ನೀಲಿಯವರು ಈ ವರ್ಷ ಕಿತ್ತುಹಾಕಿದ್ದರು. ಆ ಜಾಗದಲ್ಲೇ ಚಂದ್ರನನ್ನು ಎಳೆದು ತರುವ ಕೊಳವೆ ಕೂರಿಸಿದ್ದರು. ಕಂಪನಿಯ ವಿವರಪಟ್ಟಿಯ ತಳದಲ್ಲಿ ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಹಾಕಿದ್ದ ಈ ಮಾತನ್ನು ಓದಿದವರು ಊರಿನಲ್ಲಿ ಅವನೊಬ್ಬನೇ ಇರಬೇಕು. ಓದಿದ ದಿನ ಅಕ್ಕನ ಮುಂದೆ ಒಂದು ಗಂಟೆ ಕೂಗಾಡಿದ್ದ.

ಗಾಜಿನ ಆಚೆ ದೊಡ್ಡಮ್ಮ ಮತ್ತೆ ತನ್ನ ಪಾಳಿಗೆ ಕಾಯುತ್ತಾ ಕಾಲು ಬದಲಾಯಿಸುತ್ತಿದ್ದಳು. ಅವಳ ಹಿಂದೆ ನಲವತ್ತು ನೀಲಿ ಟೋಪಿ. ಮೇಸ್ತ್ರಿ ಕ್ಯಾಮೆರಾದ ಪಕ್ಕದಲ್ಲಿ ನಿಂತು ಎರಡೂ ಕೈ ಜೋಡಿಸಿದ್ದ. ಮ್ಯಾನೇಜರ್ ಹುಬ್ಬೆತ್ತಿ ಟೇಬಲ್ಲಿನ ಮೇಲೆ ಬೆರಳಿನಿಂದ ಮೆಲ್ಲಗೆ ಬಡಿಯುತ್ತಿದ್ದ.

ಹೂಂ ಎಂದರೆ ಟೇಬಲ್ಲು ತನ್ನದು, ಟೈಲರ್ ಅಂಗಡಿಗೆ ಬೀಗ. ಊಹೂಂ ಎಂದರೆ ಹೊರಗಿನವರ ಇವತ್ತಿನ ಹೊಟ್ಟೆಗೆ ಬೀಗ. ಸಿಟ್ಟು ಯಾರ ಮೇಲೆ ಬಂತೆಂದು ಅವನಿಗೇ ತಿಳಿಯಲಿಲ್ಲ. ಕಣ್ಣು ಕಿತ್ತವರ ಮೇಲೋ, ಬೆಳಗಿನಿಂದ ಅರ್ಧ ಸತ್ಯ ಮಾರಿದ ತನ್ನ ಮೇಲೋ, ಇಷ್ಟು ಜನರಲ್ಲಿ ತನ್ನನ್ನೇ ನಂಬಿದ ಈ ಮುದುಕರ ಮೇಲೋ.

"ಹೇಳಪ್ಪ," ಎಂದರು ಟೈಲರ್ ಇನ್ನೊಮ್ಮೆ.

ರಿವ್ಯೂ ಟೇಬಲ್ಲಿನ ಆ ಬದಿಯಿಂದ ಈ ಬದಿಗೆ ಬಂದ. ದೀಪದ ತಂತಿ ದಾಟಿದ. ಕ್ಯಾಮೆರಾ ಅವನ ಹಿಂದೆ ತಿರುಗಿತು, ಅವನು ತಿರುಗಲಿಲ್ಲ. ಹೂಂ ಆಗಲಿ ಊಹೂಂ ಆಗಲಿ ಅದಕ್ಕೆ ಸಿಗಲಿಲ್ಲ.

"ರೀ, ಎಲ್ಲಿಗ್ರೀ? ಏಯ್. ಏಯ್, ಶರ್ಟು ಕೊಟ್ಟು ಹೋಗೋ."

ಬಾಗಿಲ ಹತ್ತಿರ ಬಂದಾಗ ಬೆನ್ನ ಹಿಂದೆ ಟೈಲರ್ ದನಿ ಕೇಳಿಸಿತು. "ತಡೀರಿ. ಬಿಲ್ಲು ಈಗಲೇ ಬರೀಬೇಡಿ, ಸ್ವಲ್ಪ ತಡೀರಿ," ಎನ್ನುತ್ತಿದ್ದರು. ಹೊರಗೆ ಬಿಸಿಲು ಏರಿತ್ತು. ಸಾಲಿನವರು ದಾರಿ ಬಿಟ್ಟರು. "ಏನಾಯ್ತಪ್ಪ, ಕೆಲಸ ಸಿಗ್ತಾ?" ಎಂದಳು ದೊಡ್ಡಮ್ಮ. ಅವನು ಬೀದಿಯ ನಡುವೆ, ಎರಡು ಚಂದ್ರರ ಕೆಳಗೆ, ನಡೆಯುತ್ತಾ ಹೋದ.