ಠಣ್ಣಕ್ಕನ ಕಿವಿಯೊಳಗಿನ ಬಣ್ಣ

ಪಿಂಗಾಣಿ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಠಣ್ಣಕ್ಕ ಎಂದೇ ಕರೆಯುತ್ತಿದ್ದರು. ಭಟ್ಟಿಯಿಂದ ಇಳಿದ ಚಹಾ ಕಪ್ಪುಗಳನ್ನು ಒಂದೊಂದಾಗಿ ಎಡಗೈ ಬೆರಳುಗಳ ಮೇಲೆ ಕೂರಿಸಿ, ಸಣ್ಣ ಕಬ್ಬಿಣದ ಕಡ್ಡಿಯಿಂದ ತಟ್ಟಿ, ಸದ್ದು ಕೇಳಿಯೇ ಬಿರುಕು ಬಿಟ್ಟಿದೆಯೋ ಇಲ್ಲವೋ ಹೇಳುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದಳು. ಆ ಕೈಗಳಿಗೆ ತೊನ್ನು ಹಬ್ಬಿ ಹದಿನೈದು ವರ್ಷವಾಗಿತ್ತು. ಮೊದಮೊದಲು ತುಂಬುತೋಳಿನ ಅಂಗಿ ತೊಟ್ಟಳು. ಭಟ್ಟಿಯ ಸೆಖೆ ತಾಳಲಾರದೆ ಬಿಟ್ಟಳು. ನೋಡುವವರು ನೋಡಿಕೊಳ್ಳಲಿ ಎಂದು ಸುಮ್ಮನಾದಳು.

ಒಂದು ಬೆಳಗ್ಗೆ ಮೇಸ್ತ್ರಿ ಮೂರು ಒಡಕು ಕಪ್ಪು ತಂದು ಅವಳ ಮೇಜಿನ ಮೇಲಿಟ್ಟ.

"ಇವು ನೀನು ಪಾಸು ಮಾಡಿದ್ದು. ಬಿಸಿನೀರು ಹಾಕಿದ್ದೇ ತಡ, ಸೀಳಿ ಹೋದವಂತೆ."

ಬೇರೆಯವರಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದರೋ ಏನೋ. ಇವಳಿಗೆ ಮಾತ್ರ ತಲೆಯೊಳಗೆ ಹುಳ ಬಿಟ್ಟ ಹಾಗಾಯಿತು. ಇದು ತನಗೆ ಹೇಗೆ ಕೇಳಿಸಲಿಲ್ಲ?

ಪಕ್ಕದ ಮೇಜಿನಲ್ಲಿ ಕಪ್ಪುಗಳನ್ನು ಹುಲ್ಲು ಸುತ್ತಿ ಕಟ್ಟುತ್ತಿದ್ದವಳು ಅವಳ ನಾದಿನಿ. ಊಟದ ಬಿಡುವಿನಲ್ಲಿ ಠಣ್ಣಕ್ಕ ಅವಳನ್ನು ಕರೆದು, ಹಿಂದಿನ ದಿನ ತಾನೇ ಪಾಸು ಮಾಡಿದ್ದ ಕಪ್ಪುಗಳನ್ನು ಮುಂದಿಟ್ಟಳು.

"ನೀನು ತಟ್ಟು. ನಾನು ಬೆನ್ನು ಮಾಡಿ ಕೂರ್ತೀನಿ. ನಿಂಗೇನು ಕೇಳ್ಸುತ್ತೆ ಹೇಳು."

ನಾದಿನಿ ತಟ್ಟಿದಳು. "ಇದು ಠಣ್ ಅಂದು, ಆಮೇಲೆ ಸಣ್ಣಗೆ ಇಂಯ್ ಅಂತ ಎಳೀತಾ ಇದೆ. ಇದು ಠಣ್ ಅಂದು ಅಲ್ಲೇ ಸತ್ತೋಯ್ತು."

"ಯಾವ ಇಂಯ್?"

"ಅಯ್ಯೋ ಅತ್ತಿಗೆ, ನಂಗೇ ಕೇಳ್ಸುತ್ತೆ, ನಿಮಗೆ ಕೇಳ್ಸಲ್ವಾ?"

ಕೇಳಿಸುತ್ತಿರಲಿಲ್ಲ. ನಾದಿನಿಯ ಮಾತು ಒಂದಕ್ಷರ ಬಿಡದೆ ಕೇಳುತ್ತಿದ್ದ ಕಿವಿಗೆ ಆ ಸಣ್ಣ ಎಳೆ ಮಾತ್ರ ಕಾಣೆಯಾಗಿತ್ತು.

ಆಸ್ಪತ್ರೆಯಲ್ಲಿ ಅವಳನ್ನು ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಕೂರಿಸಿದರು. ಹೆಡ್‌ಫೋನಿನಲ್ಲಿ ಸದ್ದು ಬಂದಾಗಲೆಲ್ಲ ಗುಂಡಿ ಒತ್ತಬೇಕು. ಕೊನೆಯ ಕೆಲವು ಸದ್ದಿಗೆ ಹೆಬ್ಬೆರಳು ಕಾದು ಕಾದು ಸುಮ್ಮನಿತ್ತು. ಕಿವಿಯ ಡಾಕ್ಟರಮ್ಮ ಗೆರೆ ಎಳೆದ ಕಾಗದ ನೋಡಿದರು, ಆಮೇಲೆ ಅವಳ ಕೈ ನೋಡಿದರು.

"ಈ ಬಿಳಿ ಎಷ್ಟು ವರ್ಷದಿಂದ ಇದೆ?"

ಠಣ್ಣಕ್ಕನಿಗೆ ರೇಗಿತು. "ತೋರಿಸೋಕೆ ಬಂದಿದ್ದು ಕಿವಿ. ಕೈ ಸುದ್ದಿ ಯಾಕೆ?"

"ಸಂಬಂಧ ಇರಬಹುದಮ್ಮ, ಅದಕ್ಕೇ ಕೇಳಿದೆ. ಚರ್ಮಕ್ಕೆ ಬಣ್ಣ ಕೊಡೋ ಕಣಗಳಿವೆಯಲ್ಲ, ಅಂಥವೇ ಒಳಗಿವಿಯಲ್ಲೂ ಇರ್ತವೆ. ಕಿವಿ ಸರಿಯಾಗಿ ಕೆಲಸ ಮಾಡೋಕೆ ಅವೂ ಬೇಕು. ತೊನ್ನಿರೋ ಕೆಲವರಿಗೆ ತೀರಾ ಸಣ್ಣ, ಏರುದನಿಯ ಸದ್ದು ಕೇಳೋದು ಕಮ್ಮಿ ಆಗುತ್ತೆ. ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ. ನಿಮ್ಮದು ಅದರಿಂದಲೇ ಅಂತ ಆಣೆ ಇಟ್ಟು ಹೇಳಲಾರೆ. ವಯಸ್ಸಿದೆ, ಕಾರ್ಖಾನೆ ಗದ್ದಲವೂ ಇದೆ."

ರೇಗಿದ್ದು ಎಲ್ಲಿ ಹೋಯಿತೋ. ಅವಳು ಕುರ್ಚಿ ಎಳೆದುಕೊಂಡು ಹತ್ತಿರ ಕೂತಳು. "ಬೆಳಕೇ ಹೋಗದ ಜಾಗ ಅದು. ಅಲ್ಲಿ ಬಣ್ಣ ಇಟ್ಕೊಂಡು ಏನು ಮಾಡುತ್ತೆ? ಯಾರು ನೋಡ್ಬೇಕು?"

ಡಾಕ್ಟರಮ್ಮ ನಕ್ಕರು. ಹೊರಗೆ ಕಾದಿದ್ದವರು ಬಾಗಿಲು ತಟ್ಟುವವರೆಗೂ ಕಾಗದದ ಮೇಲೆ ಬಸವನಹುಳುವಿನ ಚಿಪ್ಪಿನಂಥ ಒಳಗಿವಿ ಬರೆದು ತೋರಿಸಿದರು. ಗದ್ದಲದಿಂದ ದೂರ ಇರಿ, ವರ್ಷಕ್ಕೊಮ್ಮೆ ಬನ್ನಿ ಎಂದರು.

ಮರುದಿನ ಅವಳೇ ಮೇಸ್ತ್ರಿಯ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಕಪ್ಪುಗಳ ಮೇಜಿಗೆ ನಾದಿನಿ ಬಂದಳು. ಠಣ್ಣಕ್ಕ ದೊಡ್ಡ ಜಾಡಿಗಳ ಕೋಣೆಗೆ ಹೋದಳು. ಅವುಗಳ ಸದ್ದು ದಪ್ಪ. ಕೊನೆಯ ಗುಂಯ್‌ವರೆಗೂ ಅವಳಿಗೆ ಚೆನ್ನಾಗಿ ಕೇಳುತ್ತಿತ್ತು. 

ಕೆಲವು ತಿಂಗಳು ಕಳೆದ ಮೇಲೆ ಬಸ್ಸಿನಲ್ಲಿ ಎದುರು ಸೀಟಿನವನ ಕುತ್ತಿಗೆಯ ಮೇಲೆ ಬಿಳಿ ಮಚ್ಚೆ ಕಂಡಿತು. ದಿಟ್ಟಿಸುತ್ತಿದ್ದಾಳೆಂದು ಅವನು ಕಾಲರು ಮೇಲೆಳೆದುಕೊಂಡ. ಠಣ್ಣಕ್ಕ ತನ್ನೆರಡು ಕೈಗಳನ್ನೂ ಅವನ ಮುಂದೆ ಚಾಚಿ, "ತಮ್ಮಾ, ತಪ್ಪು ತಿಳೀಬೇಡ. ನೀನು ಕಿವಿ ಪರೀಕ್ಷೆ ಮಾಡಿಸಿದ್ದೀಯಾ?" ಎಂದಳು. ಅವನು ಮೊದಲು ಮುಖ ಗಂಟಿಕ್ಕಿದ, ಆಮೇಲೆ ಯಾಕೆ ಎಂದ. ಹೇಳಿ ಮುಗಿಸುವಷ್ಟರಲ್ಲಿ ಅವಳು ಇಳಿಯಬೇಕಾದ ನಿಲ್ದಾಣ ದಾಟಿ ಮೂರು ನಿಲ್ದಾಣವಾಗಿತ್ತು.