ಇವತ್ತೊಂದಿನ

ಅಣ್ಣ ಗಂಟು ಕಟ್ಟುತ್ತಿದ್ದ ಕಸದ ಚೀಲವನ್ನು ತಂಗಿ ಕಿತ್ತುಕೊಂಡು ಮೆಟ್ಟಿಲ ಮೇಲೆ ಬೋರಲು ಮಾಡಿದಳು. ಟೀ ಕುಡಿದ ಲೋಟ, ಹಣ್ಣಿನ ಸಿಪ್ಪೆ, ನೀರಿನ ಬಾಟಲಿ, ಬಾಡಿದ ಹೂವು ಎಲ್ಲ ಉರುಳಿದವು. ಒಳಗೆ ಅಮ್ಮನ ಹೆಣ ಇನ್ನೂ ಎತ್ತಿರಲಿಲ್ಲ.

"ಹುಚ್ಚು ಹಿಡೀತಾ ನಿಂಗೆ? ಇವತ್ತೊಂದಿನ ಬಿಡೇ. ಜನ ನೋಡ್ತಿದಾರೆ."

"ನೋಡ್ಲಿ. ಎರಡು ಬಕೆಟ್ ತಗೊಂಡ್ ಬಾ."

ಇಪ್ಪತ್ತೆರಡು ವರ್ಷ ಕಸದ ಗಾಡಿಯ ಹಿಂದೆ ನಡೆದ ಹೆಂಗಸು ಅವಳಮ್ಮ. ಬೀದಿಯವರು ಇಟ್ಟ ಹೆಸರು ವಾಪಸ್ ಅಕ್ಕ. ಹಸಿ ಕಸ, ಒಣ ಕಸ ಬೆರೆಸಿ ಕೊಟ್ಟರೆ ಅದೇ ಮನೆಯ ಮೆಟ್ಟಿಲ ಮೇಲೆ ಸುರಿದು, ಒಂದೊಂದನ್ನೇ ಎತ್ತಿ ಹಿಡಿದು ಪಾಠ ಹೇಳುತ್ತಿದ್ದಳು. ಬೈದವರಿಗೆ ಲೆಕ್ಕವಿಲ್ಲ. ಅವಳು ಜಗ್ಗಿದವಳಲ್ಲ.

*

ಮಗಳ ಮದುವೆಯ ಮಾರನೆಯ ಬೆಳಿಗ್ಗೆಯೂ ಅಮ್ಮ ಕೆಲಸಕ್ಕೆ ಹೋಗಿದ್ದಳು. ಮನೆ ತುಂಬ ನೆಂಟರು. ಮಗಳು ಎಲ್ಲವನ್ನೂ ಒಂದೇ ಬಕೆಟ್ಟಿಗೆ ತುರುಕಿ ಗೇಟಿನಲ್ಲಿಟ್ಟಳು. ಗಾಡಿಯ ಜೊತೆ ಬಂದ ಅಮ್ಮ ಬಕೆಟ್ಟಿಗೆ ಇಣುಕಿ, ಯಾರದೋ ಮನೆಯೆಂಬಂತೆ ಮುಂದೆ ನಡೆದಳು.

"ಅಮ್ಮಾ, ಇವತ್ತೊಂದಿನ!"

"ಈ ಬೀದೀಲಿ ದಿನಾ ಯಾರದಾದ್ರೂ ಮನೇಲಿ ಇವತ್ತೊಂದಿನ ಇದ್ದೇ ಇರುತ್ತೆ ಕಣೆ. ನಮ್ದು ತಗೊಂಡ್ರೆ ನಾಳೆ ಆ ವಕೀಲ್ರ ಮೆಟ್ಟಿಲ ಮೇಲೆ ಯಾವ ಮುಖ ಇಟ್ಕೊಂಡು ನಿಲ್ಲಲಿ?"

ಗಂಡನ ಕಡೆಯವರ ಎದುರಿಗೇ ಹೊಸ ಸೀರೆ ಎತ್ತಿಕಟ್ಟಿ ಮಗಳು ಕಸ ಬೇರ್ಪಡಿಸಿದಳು. ಆ ದಿನ ಅಮ್ಮನ ಮೇಲೆ ಅವಳಿಗೆ ಹುಟ್ಟಿದ ಸಿಟ್ಟು ಎಷ್ಟೋ ವರ್ಷ ಇಳಿದಿರಲಿಲ್ಲ.

*

ಎದುರುಮನೆಯ ವಕೀಲರು ಬಂದರು. ಅಮ್ಮನ ಮೇಲೆ ಮೂರು ಸಲ ದೂರು ಬರೆದವರು. ಕೈಯಲ್ಲಿ ದೊಡ್ಡ ಹೂಗುಚ್ಛ, ಸುತ್ತ ಪ್ಲಾಸ್ಟಿಕ್ಕು, ಒಳಗೆಲ್ಲ ತಂತಿ. ಮಗಳು ಬಾಗಿಲಿಗೆ ಅಡ್ಡ ನಿಂತಳು.

"ನೀವು ಬನ್ನಿ ಸಾರ್. ಇದನ್ನ ಹೀಗೆ ಒಳಗೆ ಬಿಡಲ್ಲ."

ಅಣ್ಣ ಹಣೆ ಚಚ್ಚಿಕೊಂಡ. ವಕೀಲರ ಮುಖ ಕೆಂಪಾಯಿತು. "ಏನಮ್ಮಾ, ಸತ್ತವರ ಮನೇಲೂ ಇದೇನಾ?"

"ಅಮ್ಮ ಇದ್ದಿದ್ರೆ ತಗೋತಿದ್ರಾ? ನೀವೇ ಹೇಳಿ."

ಅವರು ಅವಳ ಭುಜದಾಚೆ, ಒಳಗೆ ಮಲಗಿಸಿದ್ದ ದೇಹವನ್ನು ನೋಡಿದರು.

"ಎಲ್ಲಿಯ ಮಾತು. ಮೊಮ್ಮಗಳ ಕೇಕಿನ ಡಬ್ಬಾನ ಮೂರು ಸಲ ವಾಪಸ್ ಮಾಡಿದ್ಲು, ಮಹರಾಯ್ತಿ," ಎಂದರು.

ಅಮ್ಮನನ್ನು ಹೊರಗೆ ತರಲು ಹೆಗಲು ಕೊಡುವವರು ಬಂದಾಗ ಮೆಟ್ಟಿಲ ಮೇಲೆ ದಾರಿ ಇರಲಿಲ್ಲ. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಕುಕ್ಕರಗಾಲಲ್ಲಿ ಕೂತ ವಕೀಲರು, ಕನ್ನಡಕ ಮೂಗಿನ ತುದಿಗಿಳಿಸಿಕೊಂಡು, ಹೂವಿನಿಂದ ತಂತಿ ಬಿಚ್ಚುತ್ತಿದ್ದರು. ಎದುರಿಗೆ ಅಣ್ಣ ಲೋಟಗಳನ್ನು ಹೆಕ್ಕುತ್ತಿದ್ದ.

"ಒಂದ್ನಿಮಿಷ ತಡೀರಿ," ಎಂದರು ವಕೀಲರು ತಲೆಯೆತ್ತದೆ. "ಇನ್ನೆರಡೇ ತಂತಿ."