ಮೇಷ್ಟ್ರು ಹಾಕಿದ ಅರ್ಧ ಸುತ್ತು

ನಾನು ಟ್ಯಾಪೆಟ್ ಕವರ್. ಯಾರಪ್ಪಾ ಇವನು ಎಂದು ಹುಬ್ಬು ಗಂಟಿಕ್ಕಬೇಡಿ, ಹೇಳುತ್ತೇನೆ. ಕಾರಿನ ಬಾನೆಟ್ ಎತ್ತಿದರೆ ಎಂಜಿನ್ನಿನ ನೆತ್ತಿಯ ಮೇಲೆ ಬೋರಲು ಹಾಕಿದ ಉದ್ದನೆಯ ಬೋಗುಣಿಯಂಥ ತಗಡಿನ ಮುಚ್ಚಳ ಕಾಣುತ್ತದಲ್ಲ, ಅದೇ ನಾನು. ನನ್ನ ಹೊಟ್ಟೆಯೊಳಗೆ ವಾಲ್ವುಗಳು ಎಣ್ಣೆಯಲ್ಲಿ ಮಿಂದು ಟಿಕಟಿಕ ಕುಣಿಯುತ್ತಿರುತ್ತವೆ. ಆ ಎಣ್ಣೆ ಹೊರಗೆ ಚೆಲ್ಲದ ಹಾಗೆ ಕಾಯುವುದು ನನ್ನ ಕೆಲಸ. ನನಗೂ ಎಂಜಿನ್ನಿಗೂ ನಡುವೆ ಕಾರ್ಕಿನ ತೆಳ್ಳನೆಯ ಪಟ್ಟಿ ಒಂದಿರುತ್ತದೆ. ಅದನ್ನು ಪ್ಯಾಕಿಂಗ್ ಎನ್ನುತ್ತಾರೆ. ಲೋಹದ ಮೇಲೆ ಲೋಹ ಎಷ್ಟೇ ಒತ್ತಿ ಕೂತರೂ ಸಂದು ಉಳಿಯುತ್ತದೆ. ಆ ಸಂದು ಮುಚ್ಚುವ ಪುಣ್ಯಾತ್ಮ ಅದು.

ನಾನು ಹುಟ್ಟಿದ್ದು ಒಂದೇ ಏಟಿಗೆ. ಅಲ್ಲಿಯವರೆಗೆ ಚಪ್ಪಟೆ ತಗಡಾಗಿದ್ದೆ; ದೊಡ್ಡ ಪ್ರೆಸ್ಸು ಧಡ್ ಎಂದು ಬಿತ್ತು, ನಾನು ನಾನಾದೆ. ಅಂಚಿನಲ್ಲಿ ಆರು ತೂತು ಕೊರೆದರು, ಮೈಗೆ ಕಪ್ಪು ಬಣ್ಣ ಹೊಡೆದರು. ಯಾವ ಕಂಪನಿಯ ಕಾರು ಎಂದು ಮಾತ್ರ ಕೇಳಬೇಡಿ. ಹೆಸರು ಬರೆಯುವುದು ಹೊರಗಡೆ, ನಾನು ಕೂತದ್ದು ಒಳಗಡೆ. ನನಗೆ ಲೋಕ ಕಾಣುವುದು ಬಾನೆಟ್ ತೆರೆದಾಗ ಮಾತ್ರ. ಆಗಲೂ ಬಗ್ಗಿ ನೋಡುವವರ ಗಲ್ಲ, ಮೂಗಿನ ಹೊಳ್ಳೆ, ಮೇಲೊಂದು ತುಂಡು ಆಕಾಶ, ಅಷ್ಟೇ.

ಮೊದಲ ಎಂಟು ವರ್ಷ ಮೈಸೂರಿನ ಒಬ್ಬ ವಕೀಲರ ಬಳಿ ಇದ್ದೆ. ಪುಣ್ಯಾತ್ಮರು ಒಂದು ದಿನವೂ ಬಾನೆಟ್ ಎತ್ತಿ ನನ್ನ ಮುಖ ನೋಡಲಿಲ್ಲ. ಆ ಕಾಲದ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ನನ್ನ ಬದುಕು ಶುರುವಾದದ್ದು ಕೊಳ್ಳೇಗಾಲದ ಇಬ್ಬರು ನಮ್ಮನ್ನು ನೋಡಲು ಬಂದ ದಿನ.

ಒಬ್ಬರು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಶಿವನಂಜಪ್ಪ. ಕೊಳ್ಳುವವರು ಅವರೇ. ಕೊರಳಲ್ಲಿ ಸೀಟಿ, ಹುರಿ ಮೀಸೆ, ಹಗ್ಗ ಹತ್ತಿ ಹತ್ತಿ ಗಟ್ಟಿಯಾದ ಕೈ. ಇನ್ನೊಬ್ಬ ಅವರ ಸ್ನೇಹಿತ, ಮೆಕ್ಯಾನಿಕ್ ಚೌರಪ್ಪ. ಸಣಕಲು ಮೈ, ಕೊರಳಲ್ಲಿ ಕರಿ ದಾರಕ್ಕೆ ಕಟ್ಟಿದ ಪುಟ್ಟ ಶಿಲುಬೆ. ಚೌರಪ್ಪ ಎಂಜಿನ್ ಚಾಲೂ ಮಾಡಿಸಿ, ಜ್ವರ ನೋಡುವವರ ಹಾಗೆ ನನ್ನ ನೆತ್ತಿಯ ಮೇಲೆ ಅಂಗೈ ಇಟ್ಟ. ಕಣ್ಣು ಮುಚ್ಚಿ ಕೇಳಿದ.

"ಗಂಟ್ಲು ಚೆನ್ನಾಗದೆ ಮೇಷ್ಟ್ರೇ. ತಕಳಿ" ಎಂದ.

ಮೇಷ್ಟ್ರು ಮರುಮಾತಾಡದೆ ತೆಗೆದುಕೊಂಡರು. ಚೌರಪ್ಪ ಹೇಳಿದ ಮೇಲೆ ಮುಗಿಯಿತು, ಅಂಥ ನಂಬಿಕೆ.

ಅಯ್ಯೋ, ಆ ಭಾನುವಾರಗಳು! ಬೆಳಗಿನ ಪೂಜೆ ಮುಗಿಸಿಕೊಂಡು ಚರ್ಚಿನಿಂದ ನೇರ ಚೌರಪ್ಪ ಮೇಷ್ಟ್ರ ಮನೆಗೆ ಬರುತ್ತಿದ್ದ. ಬಿಳಿ ಅಂಗಿಯ ತೋಳು ಮಡಚಿ ಬಾನೆಟ್ ಎತ್ತುತ್ತಿದ್ದ. ಕೆಲಸ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಮೇಷ್ಟ್ರ ಹೆಂಡತಿ ಗೌರಮ್ಮಣ್ಣಿ ಕಾಫಿ ತಂದರೆ ಇಬ್ಬರೂ ಲೋಟಗಳನ್ನು ನನ್ನ ಮೇಲೇ ಇಡುತ್ತಿದ್ದರು. ನನ್ನ ಮೈ ಬಿಸಿ, ಕಾಫಿ ಆರುತ್ತಿರಲಿಲ್ಲ. ಶಾಲೆಯ ಕಬಡ್ಡಿ ತಂಡದಿಂದ ಹಿಡಿದು ಮೇಷ್ಟ್ರ ಮಗಳು ಶೋಭಳ ಓದಿನವರೆಗೆ ಮಾತು ಹರಿಯುತ್ತಿತ್ತು. ಇಬ್ಬರೂ ಸೇರಿ ನಕ್ಕರೆ ಲೋಟ ನನ್ನ ಮೇಲೆ ಗಲಗಲ ಅಲ್ಲಾಡುತ್ತಿತ್ತು. ನಾನು ಮುಚ್ಚಳವಾಗಿ ಹುಟ್ಟಿದ್ದು ಸಾರ್ಥಕ ಎನಿಸಿದ್ದು ಆಗಲೇ.

ಚೌರಪ್ಪ ಅಂಗಡಿಯ ಪ್ಯಾಕಿಂಗ್ ಹಾಕುತ್ತಿರಲಿಲ್ಲ. ನನ್ನನ್ನು ಅಂಗಾತ ಇಟ್ಟು, ಮೇಲೆ ಕಾರ್ಕ್ ಶೀಟ್ ಹಾಸಿ, ಪುಟ್ಟ ಸುತ್ತಿಗೆಯಲ್ಲಿ ಅಂಚಿನುದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗುತ್ತಿದ್ದ. ನನ್ನ ಅಂಚೇ ಅದನ್ನು ಅಳತೆಗೆ ಸರಿಯಾಗಿ ಕತ್ತರಿಸುತ್ತಿತ್ತು. ಆಮೇಲೆ ಅದನ್ನು ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿ, ಒರೆಸಿ, ನನ್ನ ಅಂಚಿಗೆ ಕೂರಿಸುತ್ತಿದ್ದ. ಬೋಲ್ಟುಗಳನ್ನು ಒಂದು ಆ ಕಡೆ, ಒಂದು ಈ ಕಡೆ ಎಂದು ಸರದಿಯಲ್ಲಿ, ಗಿಡ್ಡ ಸ್ಪ್ಯಾನರಿನಿಂದ ಎರಡೇ ಬೆರಳಲ್ಲಿ ತಿರುಗಿಸುತ್ತಿದ್ದ.

"ಪ್ಯಾಕಿಂಗ್ ಕುಂತ್ಕಬೇಕು ಮೇಷ್ಟ್ರೇ, ಅಪ್ಪಚ್ಚಿ ಆಗ್ಬಾರ್ದು" ಎನ್ನುತ್ತಿದ್ದ.

ಮೇಷ್ಟ್ರು ನಗುತ್ತಿದ್ದರು. "ಸಡಿಲ ಬಿಟ್ರೆ ಶಿಸ್ತು ಎಲ್ಲಿ ಬರುತ್ತೆ ಚೌರಪ್ಪ?"

ನಮ್ಮ ಕಷ್ಟದ ಬೇರು ಅಲ್ಲೇ ಇತ್ತು. ಮೇಷ್ಟ್ರಿಗೆ ಒಂದು ನೇಮವಿತ್ತು. ಆಯುಧಪೂಜೆಯ ಹಿಂದಿನ ದಿನ ಮಿಂದು ಮಡಿಯುಟ್ಟು ಮನೆಯಲ್ಲಿರುವ ಬೋಲ್ಟುಗಳನ್ನೆಲ್ಲ ಬಿಗಿ ಮಾಡುವುದು. ಸೈಕಲ್ಲು, ಫ್ಯಾನು, ಹೊಲಿಗೆ ಮಿಷನ್ನು, ಕೊನೆಗೆ ನಾನು. ಸಡಿಲ ಬೋಲ್ಟಿನ ಯಂತ್ರವನ್ನು ದೇವರ ಮುಂದೆ ನಿಲ್ಲಿಸುವುದು ಅಪಚಾರ ಎಂದು ಅವರ ಎಣಿಕೆ. ಉದ್ದನೆಯ ಸ್ಪ್ಯಾನರ್ ಹಿಡಿದು, ಬಾಯಲ್ಲಿ 'ಶಿವ ಶಿವ' ಎನ್ನುತ್ತಾ, ನನ್ನ ಆರೂ ಬೋಲ್ಟಿಗೆ ಅರ್ಧರ್ಧ ಸುತ್ತು ಹಾಕುತ್ತಿದ್ದರು. ಹಗ್ಗ ಹತ್ತಿದ ಕೈ! ನನ್ನ ತಗಡು ಕುಯ್ಯೋ ಎನ್ನುತ್ತಿತ್ತು. ತೂತುಗಳ ಸುತ್ತ ನಾನು ತಗ್ಗುತ್ತಿದ್ದೆ, ನಡುವೆ ಉಬ್ಬುತ್ತಿದ್ದೆ. ಒತ್ತಿದ ಕಡೆ ಪ್ಯಾಕಿಂಗ್ ನುಜ್ಜುಗುಜ್ಜಾಗುತ್ತಿತ್ತು, ಉಬ್ಬಿದ ಕಡೆ ಎಣ್ಣೆ ಜಿನುಗುತ್ತಿತ್ತು. ಮರುದಿನ ಅದರ ಮೇಲೇ ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು, ಕೈ ಮುಗಿಯುತ್ತಿದ್ದರು. ಬೈಯೋಣವೆಂದರೆ ಭಕ್ತಿ, ಸುಮ್ಮನಿರೋಣವೆಂದರೆ ನೋವು.

ದಸರಾ ಮುಗಿದ ಮೇಲೆ ಪ್ರತಿ ವರ್ಷವೂ ಕಾರು ಸೋರುತ್ತಾ ಚೌರಪ್ಪನ ಗ್ಯಾರೇಜಿಗೆ ಹೋಗುತ್ತಿತ್ತು. ನನ್ನನ್ನು ಬಿಚ್ಚಿದ ಕೂಡಲೇ ಅವನಿಗೆ ತಿಳಿಯುತ್ತಿತ್ತು. ಸುತ್ತ ಯಾರೂ ಇಲ್ಲದಾಗ ನನ್ನನ್ನು ಚಪ್ಪಟೆ ಕಲ್ಲಿನ ಮೇಲಿಟ್ಟು, ಒಂದೊಂದು ತೂತಿನ ಸುತ್ತಲೂ ಸಣ್ಣ ಸಣ್ಣ ಏಟು ಹಾಕಿ ಸಮ ಮಾಡುತ್ತಿದ್ದ. ಹೊಸ ಪ್ಯಾಕಿಂಗ್ ಹಾಕಿ ಕಳಿಸುತ್ತಿದ್ದ. ಮೇಷ್ಟ್ರಿಗೆ ಒಂದು ಮಾತೂ ಹೇಳುತ್ತಿರಲಿಲ್ಲ. ಏಳು ವರ್ಷ ಹೀಗೇ ನಡೆಯಿತು.

ಎಂಟನೆಯ ವರ್ಷ ಶೋಭಳಿಗೆ ಗಂಡು ಗೊತ್ತಾಯಿತು. ದಸರಾ ಕಳೆದ ವಾರಕ್ಕೇ ಮೈಸೂರಿನಲ್ಲಿ ಬೀಗರ ಮಾತುಕತೆ ಇತ್ತು. ಚೌರಪ್ಪ ದಸರೆಗೂ ಮೊದಲೇ, ಮೇಷ್ಟ್ರ ಅಂಗಳದಲ್ಲೇ, ಅವರ ಕಣ್ಣೆದುರೇ ಹೊಸ ಪ್ಯಾಕಿಂಗ್ ಕತ್ತರಿಸಿ ಹಾಕಿ ಎಲ್ಲ ಸರಿ ಮಾಡಿಟ್ಟ. ಆದರೆ ನಡುವೆ ಆಯುಧಪೂಜೆ ಬಂತಲ್ಲ! ಶುಭಕಾರ್ಯ ಬೇರೆ ಇದೆಯೆಂದು ಮೇಷ್ಟ್ರು ಆ ಸಲ ಒಂದು ಸುತ್ತು ಪೂರ್ತಿಯೇ ಹಾಕಿದರು. ಪ್ಯಾಕಿಂಗ್ ಎರಡು ಕಡೆ ಸೀಳಿತು.

ಮಾತುಕತೆ ಮುಗಿಸಿ, ಹೆಣ್ಣಿನ ಮನೆ ನೋಡಬೇಕೆಂದ ಗಂಡಿನ ಸೋದರಮಾವ ಮತ್ತು ಇಬ್ಬರು ಹಿರಿಯರನ್ನು ಕೂರಿಸಿಕೊಂಡು ಮೇಷ್ಟ್ರು ಊರಿಗೆ ಹೊರಟರು. ಮೂಗೂರು ದಾಟುವ ಹೊತ್ತಿಗೆ ನನ್ನಿಂದ ಸುರಿದ ಎಣ್ಣೆ ಕಾದ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಹೊಗೆ ಎದ್ದಿತು. ಕಾರಿನೊಳಗೆಲ್ಲ ಹೊಗೆ. ಬೆಂಕಿ ಬಿತ್ತೆಂದು ಹಿರಿಯರು ಪಂಚೆ ಎತ್ತಿಕೊಂಡು ರಸ್ತೆಗೆ ಹಾರಿದರಂತೆ. ಕೆಮ್ಮಿ ಕೆಮ್ಮಿ, ಕೊನೆಗೆ ಬಸ್ಸು ಹತ್ತಿ ಹೋದರಂತೆ. ಮದುವೆಯೇನೋ ನಿಲ್ಲಲಿಲ್ಲ, ಚೆನ್ನಾಗಿಯೇ ಆಯಿತು. ಆದರೆ ಮೇಷ್ಟ್ರಿಗೆ ಆ ದಿನ ಮಾನ ಹೋಗಿತ್ತು.

ಮರುದಿನ ಗ್ಯಾರೇಜಿಗೆ ನುಗ್ಗಿ, ನಾಲ್ಕು ಜನ ಗಿರಾಕಿಗಳ ಎದುರು ಬಾನೆಟ್ ಎತ್ತಿದರು. "ಯಾವುದೋ ಡೂಪ್ಲಿಕೇಟ್ ಶೀಟು ಹಾಕಿ ನನ್ನ ಮರ್ಯಾದೆ ತೆಗೆದೆ. ಕಳ್ಳ ಕೆಲಸ ಕಣೋ ನಿಂದು!"

ಚೌರಪ್ಪ ಬಗ್ಗಿ ನನ್ನನ್ನು ನೋಡಿದ. ತಗ್ಗಿದ ತೂತುಗಳನ್ನು ನೋಡಿದ. ಒಂದು ಮಾತು ಸಾಕಿತ್ತು, ನಾಲ್ಕು ಜನದ ಮುಂದೆ ಮೇಷ್ಟ್ರ ಬಾಯಿ ಮುಚ್ಚಿಸಬಹುದಿತ್ತು. ಹೇಳೋ, ಹೇಳೋ ಎಂದು ನಾನು ಒಳಗೇ ಒದ್ದಾಡಿದೆ.

"ಹೋಗ್ಲಿ ಬುಡಿ ಮೇಷ್ಟ್ರೇ. ನನ್ ಕೆಲ್ಸ ಸರಿ ಇಲ್ಲ ಅಂದ್ರೆ ಬೇರೆಯವ್ರ ತವ ತೋರ್ಸಿ" ಎಂದು ಕೈ ಒರೆಸಿಕೊಂಡು ಒಳಗೆ ಹೋದ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನಾಲ್ಕು ವರ್ಷ ಆ ಮನೆಯಲ್ಲಿ ಭಾನುವಾರ ಎಂಬುದೇ ಇರಲಿಲ್ಲ. ನನ್ನ ಮೇಲೆ ಕಾಫಿ ಲೋಟ ಕೂರಲಿಲ್ಲ.

ಬೇರೆ ಮೆಕ್ಯಾನಿಕ್ ಹತ್ತಿರ ಹೋಗಲು ಮೇಷ್ಟ್ರಿಗೆ ಮನಸ್ಸಿರಲಿಲ್ಲ. ಮನೆಯಲ್ಲಿ ತಾವೇ ರಿಪೇರಿಗೆ ನಿಂತರು. ಅಂಗಡಿಯಿಂದ ರಬ್ಬರ್ ಪ್ಯಾಕಿಂಗ್ ತಂದು ಹಾಕಿದರು, ಸೋರಿತು. ಇನ್ನಷ್ಟು ಬಿಗಿ ಮಾಡಿದರು, ಇನ್ನಷ್ಟು ಸೋರಿತು. ಗಮ್ಮು ಮೆತ್ತಿದರು, ಬಟ್ಟೆ ಸೋಪು ತಿಕ್ಕಿದರು. "ಈಗಿನ ಮಾಲೇ ಸರಿ ಇಲ್ಲ" ಎಂದು ಅಂಗಡಿಯವನಿಗೆ ಬೈದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಸೊಟ್ಟಗಾದವನು ನಾನು, ಬೈಸಿಕೊಂಡದ್ದು ಪ್ಯಾಕಿಂಗ್. ಸೊಟ್ಟ ಮಾಡಿದವರು ಯಾರೆಂದು ಹೇಳಲು ನನಗೆ ಬಾಯಿಲ್ಲ.

ರಿಟೈರಾದ ವರ್ಷ ಒಂದು ಬೆಳಿಗ್ಗೆ ಮತ್ತೆ ನನ್ನನ್ನು ಬಿಚ್ಚಿದರು. ಅಂಟಿದ್ದ ಹಳೆಯ ರಬ್ಬರನ್ನು ಬ್ಲೇಡಿನಲ್ಲಿ ಕೆರೆದು, ಪೆಟ್ರೋಲಿನಲ್ಲಿ ತೊಳೆದು, ಒರೆಸುವ ಬಟ್ಟೆ ಹುಡುಕುತ್ತಾ ನನ್ನನ್ನು ಅಡುಗೆಮನೆಯ ಕಲ್ಲಿನ ಕಟ್ಟೆಯ ಮೇಲಿಟ್ಟರು. ಗೌರಮ್ಮಣ್ಣಿಗೆ ರೇಗಿತು.

"ರೊಟ್ಟಿ ತಟ್ಟೋ ಜಾಗ ಇದು! ಎತ್ರೀ ಆಚೆಗೆ" ಎಂದು ನನ್ನ ಒಂದು ತುದಿಯನ್ನು ಬೆರಳಲ್ಲಿ ಒತ್ತಿದರು. ನಾನು ಟಕ ಎಂದೆ. ಇನ್ನೊಂದು ತುದಿ ಒತ್ತಿದರು, ಮತ್ತೆ ಟಕ. ಆಕೆಯ ಕೈ ನಿಂತಿತು. "ಸೊಟ್ಟಗಾಗದಲ್ಲ ಕಣ್ರೀ ಇದು. ಕಾವಲಿ ಸೊಟ್ಟಗಾದ್ರೂ ಹಿಂಗೇ ಕುಣಿಯೋದು. ಇದಕ್ಕೆ ಯಾವ ರಬ್ಬರ್ ಹಾಕಿದ್ರೆ ತಾನೇ ಏನು?"

ಮೇಷ್ಟ್ರು ಬಗ್ಗಿ ನೋಡಿದರು. ನನ್ನ ಅಂಚಿಗೂ ಕಲ್ಲಿಗೂ ನಡುವೆ ಕಿಟಕಿಯ ಬೆಳಕು ನುಸುಳುತ್ತಿತ್ತು. ತೂತುಗಳ ಹತ್ತಿರ ಮಾತ್ರ ತಗಡು ಕಲ್ಲಿಗೆ ಕಚ್ಚಿಕೊಂಡಿತ್ತು. ಬೋಲ್ಟು ಎಲ್ಲಿ ಬಿಗಿಯಾಗಿತ್ತೋ ಅಲ್ಲೇ. ಅವರು ನನ್ನನ್ನು ತಿರುಗಿಸಿ ಕನ್ನಡಕ ಹಾಕಿಕೊಂಡರು. ಒಂದೊಂದು ತೂತಿನ ಸುತ್ತಲೂ ಸಾಸಿವೆಯಷ್ಟು ಸಣ್ಣ ಏಟಿನ ಗುರುತುಗಳಿದ್ದವು. ಹಳೆಯವು, ಅದಕ್ಕಿಂತ ಹಳೆಯವು, ಒಂದರ ಮೇಲೊಂದು.

"ಇದನ್ನ ಯಾರು ತಟ್ಟಿದ್ದು?"

"ನಿಮ್ಮ ಚೌರಪ್ಪನ್ನ ಬಿಟ್ರೆ ಇನ್ಯಾರು ಮುಟ್ಟವ್ರೆ ಇದನ್ನ?"

ಮೇಷ್ಟ್ರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಬಹಳ ಹೊತ್ತು ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಆ ಗುರುತುಗಳ ಮೇಲೆ ಬೆರಳಾಡಿಸುತ್ತಿದ್ದರು. "ಪ್ರತಿ ವರ್ಷ ನಾನು ಕೆಡಿಸಿದ್ದೀನಿ, ಪ್ರತಿ ವರ್ಷ ಅವನು ಸರಿ ಮಾಡಿದ್ದಾನೆ ಕಣೇ. ನಾನು ಅವನನ್ನ ಕಳ್ಳ ಅಂದೆ" ಎಂದರು.

ನನ್ನನ್ನು ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಚರ್ಚಿನ ಹಿಂದಿನ ಬೀದಿಗೆ ನಡೆದೇ ಹೋದರು. ಚೌರಪ್ಪ ಗ್ಯಾರೇಜು ಮುಚ್ಚಿ ಒಂದು ವರ್ಷವಾಗಿತ್ತಂತೆ. ಜಗಲಿಯ ಮೇಲೆ ಕೂತಿದ್ದ. ಎರಡು ಕೈಯೂ ತಮ್ಮಷ್ಟಕ್ಕೆ ತಾವೇ ನಡುಗುತ್ತಿದ್ದವು. ಮೇಷ್ಟ್ರು ಪೇಪರು ಬಿಚ್ಚಿ ನನ್ನನ್ನು ಅವನ ಮುಂದೆ ಇಟ್ಟರು.

"ತಪ್ಪು ನಂದು ಚೌರಪ್ಪ. ಪ್ಯಾಕಿಂಗಿನದಲ್ಲ, ನಿಂದಲ್ಲ. ನನ್ನ ಕೈಯದು."

"ಗೊತ್ತದೆ ಮೇಷ್ಟ್ರೇ."

"ಗೊತ್ತಿದ್ದೂ ಆವತ್ತು ಯಾಕಯ್ಯಾ ಸುಮ್ಮನಿದ್ದೆ?"

"ನಾಲ್ಕ್ ಜನದ ಮುಂದೆ, ಮಗೀನ ಮದ್ವೆ ಹೊತ್ನಲ್ಲಿ, ನಿಮ್ದೇ ತಪ್ಪು ಅನ್ನಕಾಯ್ತದಾ? ಅದಕ್ಕೂ ಮುಂಚೆ ಹೇಳವ ಅಂದ್ರೆ, ದೇವ್ರ ಹೆಸ್ರು ಹೇಳ್ಕಂಡು ಬಿಗಿ ಮಾಡ್ತಿದ್ರಿ. ವರ್ಷಕ್ಕೊಂದ್ಸಲ ತಟ್ಟುದ್ರಾಯ್ತು ಅಂತ ಸುಮ್ನಾದೆ." ಚೌರಪ್ಪ ನನ್ನನ್ನು ಹತ್ತಿರ ಎಳೆದುಕೊಂಡ. ಅವನ ಕಣ್ಣು ತುಂಬಿತ್ತು. "ಆದ್ರೆ ನಾಲ್ಕ್ ವರ್ಷ ಬರ್ಲೇ ಇಲ್ವಲ್ಲ ಮೇಷ್ಟ್ರೇ. ಪ್ಯಾಕಿಂಗ್ ಹೋದ್ರೆ ಇನ್ನೊಂದ್ ಕುಯ್ಕಬೌದು. ಆ ನಾಲ್ಕ್ ವರ್ಷ ಎಲ್ಲಿಂದ ತರದು?"

ಮೇಷ್ಟ್ರು ನಡುಗುವ ಆ ಎರಡು ಕೈಗಳನ್ನು ಹಿಡಿದುಕೊಂಡು ಜಗಲಿಯ ಮೇಲೆ ಪಕ್ಕದಲ್ಲಿ ಕೂತರು.

ಆ ಭಾನುವಾರ ಚೌರಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮನೆಗೆ ಕರೆತಂದರು. ಗೌರಮ್ಮಣ್ಣಿ ತಾವೇ ಅಡುಗೆ ಕಟ್ಟೆ ಬಿಟ್ಟುಕೊಟ್ಟರು. ಚೌರಪ್ಪನಿಗೆ ಸುತ್ತಿಗೆ ನಿಲ್ಲುತ್ತಿರಲಿಲ್ಲ, ಅವನು ಹೇಳಿದ, ಮೇಷ್ಟ್ರು ತಟ್ಟಿದರು. "ಒಸಿ ಮೆಲ್ಗೆ. ಇನ್ನೂ ಮೆಲ್ಗೆ. ಹುಡುಗ್ರಿಗೆ ಬಾರಿಸ್ತಾ ಇಲ್ಲ ನೀವು!" ಗೌರಮ್ಮಣ್ಣಿ ನಕ್ಕರು, ಮೇಷ್ಟ್ರೂ ನಕ್ಕರು. ನಾನು ಕಲ್ಲಿನ ಮೇಲೆ ಸದ್ದಿಲ್ಲದೆ ಕೂರುವವರೆಗೂ ತಟ್ಟಿದರು. ಕಾರ್ಕ್ ಶೀಟನ್ನು ಚೌರಪ್ಪ ಎರಡೂ ಅಂಗೈಯಿಂದ ಒತ್ತಿ ಹಿಡಿದ, ಮೇಷ್ಟ್ರು ಅಂಚು ಕತ್ತರಿಸಿದರು. ನಡುಕದಿಂದ ಒಂದು ಮೂಲೆ ಸ್ವಲ್ಪ ವಾರೆಯಾಯಿತು. "ಇರ್ಲಿ ಬುಡಿ, ಕುಂತ್ಕತದೆ" ಎಂದ ಚೌರಪ್ಪ. ಎಂಜಿನ್ ಒಂದು ಗಂಟೆ ಓಡಿದರೂ ಒಂದು ತೊಟ್ಟು ಎಣ್ಣೆ ಹೊರಗೆ ಬರಲಿಲ್ಲ.

ಅಲ್ಲಿಂದ ಒಂದೂವರೆ ವರ್ಷ ಭಾನುವಾರಗಳು ಮತ್ತೆ ಬಂದವು. ಆಮೇಲೆ ಚೌರಪ್ಪ ತೀರಿಕೊಂಡ.

ವರ್ಷಗಳು ಕಳೆದಂತೆ ಕಾರ್ಕು ಒಣಗಿ ಗಟ್ಟಿಯಾಯಿತು, ಎಣ್ಣೆ ಮತ್ತೆ ಜಿನುಗತೊಡಗಿತು. ಶೋಭಳ ಗಂಡ ಬಂದಾಗ ಬಾನೆಟ್ ಎತ್ತಿ ನೋಡಿ, "ಮಾವ, ಹತ್ತು ನಿಮಿಷದ ಕೆಲಸ. ಹೊಸದು ಹಾಕಿಸಿಬಿಡ್ತೀನಿ" ಎಂದ.

"ಮುಟ್ಟಬೇಡಪ್ಪ" ಎಂದರು ಮೇಷ್ಟ್ರು. ಶೂ ಲೇಸು ಸಡಿಲವಿದ್ದರೆ ಮೈದಾನ ಸುತ್ತಿಸುತ್ತಿದ್ದ ಮನುಷ್ಯ! "ಚೌರಪ್ಪ ಹಿಡಿದಿದ್ದು ಅದು. ಸೋರಲಿ ಬಿಡು."

ಕಾರಿನ ಅಡಿಗೆ ಒಂದು ಹಳೆಯ ತಟ್ಟೆ ಇಟ್ಟರು. ದಿನವೂ ಒಂದು ಬಟ್ಟೆ ತಂದು ನನ್ನನ್ನು ಒರೆಸುತ್ತಿದ್ದರು. ಕಾರು ಹೊರಗೆ ಹೋಗುವುದು ನಿಂತ ಮೇಲೂ ಒರೆಸುತ್ತಿದ್ದರು. ಅವರು ಹೋದ ಮೇಲೆ ಅದೂ ನಿಂತಿತು.

ಈಗ ಗುಜರಿಯಲ್ಲಿದ್ದೇನೆ. ಎಂಜಿನ್ನು ಎಲ್ಲೋ, ಬಾನೆಟ್ಟು ಎಲ್ಲೋ. ನನ್ನನ್ನು ಬಿಚ್ಚಿದವನು ಪ್ಯಾಕಿಂಗನ್ನು ಉಳಿಯಿಂದ ಎಬ್ಬಿಸಲು ನೋಡಿದ. ಬರಲಿಲ್ಲ, ಹಾಳಾಗಲಿ ಎಂದು ಮೂಲೆಗೆ ಎಸೆದ. ವಾರೆಯಾದ ಆ ಮೂಲೆಯ ಸಮೇತ ಅದು ಇನ್ನೂ ನನ್ನ ಅಂಚಿಗೆ ಅಂಟಿಕೊಂಡೇ ಇದೆ. ಕೆರೆದು ತೆಗೆಯಲು ಇಲ್ಲಿ ಯಾರಿಗೂ ಪುರುಸೊತ್ತಿಲ್ಲ, ಅಷ್ಟು ಪುಣ್ಯ ನನ್ನದು.